ಕಡಲತಳದ ಕೆಸರನ್ನು ಕಟ್ಟುವವರು



ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಇಡೀ ಕ್ಷೇತ್ರದ ಸಮೀಕ್ಷೆ ಮಾಡುವುದು ವಾಡಿಕೆ. ನಾನು ಅದನ್ನು ಬದಿಗಿಟ್ಟು ಒಂದೇ ವಾದವನ್ನು ನಿಮ್ಮ ಮುಂದಿಡುತ್ತೇನೆ. ಕಡಲತಳದ ಕೆಸರಿನಲ್ಲಿ ಎಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಸಬೇಕು ಎಂಬುದನ್ನು ಪರಿಸರ ನಿರ್ಧರಿಸುತ್ತದೆ ಎಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಈ ಮಾತು ಸರಿಯೇ, ಆದರೆ ಅರ್ಧ. ಆ ಪರಿಸರದ ದೊಡ್ಡ ಪಾಲನ್ನು ದಿನವೂ ಕಟ್ಟುತ್ತಿರುವವು ಅದೇ ಬ್ಯಾಕ್ಟೀರಿಯಾಗಳು. ಈ ಉಳಿದರ್ಧವನ್ನು ಕೈಬಿಟ್ಟರೆ ನಮ್ಮ ಸಮೀಕ್ಷೆಗಳು ಬರೀ ಹೆಸರುಗಳ ಪಟ್ಟಿಯಾಗುತ್ತವೆ; ಕಡಲತಳವನ್ನು ಕೆದಕಿದರೆ ಏನಾದೀತು ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಡುತ್ತೇವೆ.

ಮೊದಲು, ಒಪ್ಪಿಕೊಂಡಿರುವ ಅರ್ಧವನ್ನು ನೋಡೋಣ. ಅಳಿವೆಯ ಮೆದು ಕೆಸರಿಗೆ ಪಾರದರ್ಶಕ ಕೊಳವೆಯೊಂದನ್ನು ಇಳಿಸಿ ಎತ್ತಿದರೆ ಮೇಲಿನ ಕೆಲವು ಮಿಲಿಮೀಟರು ಕಂದು, ಅದರ ಕೆಳಗೆ ಬೂದು, ಇನ್ನೂ ಕೆಳಗೆ ಕಪ್ಪು ಕಾಣುತ್ತದೆ. ಕಪ್ಪು ಪದರವನ್ನು ಕೊಯ್ದೊಡನೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಆಮ್ಲಜನಕ ಇಳಿಯುವುದು ಆ ಕಂದು ಪದರದವರೆಗೆ ಮಾತ್ರ. ಅದು ಮುಗಿದಲ್ಲಿ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್. ಕೊನೆಗೆ ಮೀಥೇನ್ ಉತ್ಪಾದಿಸುವ ಜೀವಿಗಳ ವಲಯ. ಉಸಿರಾಟಕ್ಕೆ ಯಾವುದನ್ನು ಬಳಸಿದರೆ ಹೆಚ್ಚು ಶಕ್ತಿ ದಕ್ಕುತ್ತದೋ ಅದು ಮೊದಲು ಖರ್ಚಾಗುತ್ತದೆ, ಅದಕ್ಕೇ ಈ ಕ್ರಮ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ತೀರದ ಕೆಸರಿನಲ್ಲಿ ಕೊಳೆಯುವ ಸಾವಯವ ವಸ್ತುವಿನ ಹೆಚ್ಚುಕಡಿಮೆ ಅರ್ಧವನ್ನು ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳೇ ಅರಗಿಸುತ್ತವೆ ಎಂದು ಡೆನ್ಮಾರ್ಕಿನ ಬೋ ಬಾರ್ಕರ್ ಯೋರ್ಗೆನ್ಸನ್ 1982ರಲ್ಲಿ ತೋರಿಸಿದರು. ಇದಕ್ಕೆ ತೀರಾ ವಿರುದ್ಧವಾದ ಚಿತ್ರ ದಕ್ಷಿಣ ಪೆಸಿಫಿಕ್ಕಿನ ನಡುಭಾಗದ್ದು. ಅಲ್ಲಿ 2010ರಲ್ಲಿ ಕೊರೆದು ನೋಡಿದಾಗ ಕೆಸರಿನ ಇಡೀ ದಪ್ಪದಲ್ಲಿ, ತಳದ ಬಂಡೆಯವರೆಗೂ, ಆಮ್ಲಜನಕ ಉಳಿದಿತ್ತು. ಮೇಲಿನಿಂದ ಬೀಳುವ ಆಹಾರ ಅಷ್ಟು ಕಡಿಮೆ. ಆಮ್ಲಜನಕವನ್ನು ಮುಗಿಸುವಷ್ಟು ಜೀವಿಗಳಿಗೆ ಅದು ಸಾಲದು.

ಆಯ್ಕೆ ಮಾಡುವುದು ಪರಿಸರವೇ ಎಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷ್ಯ ಉತ್ತರ ಧ್ರುವದ ಬಳಿಯ ಸ್ವಾಲ್‌ಬಾರ್ಡ್‌ನಿಂದ ಬಂತು. ಅಲ್ಲಿನ ಕೊರೆಯುವ ಚಳಿಯ ಕೆಸರನ್ನು ಪ್ರಯೋಗಾಲಯದಲ್ಲಿ 50 ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ, ಬಿಸಿಯಲ್ಲಷ್ಟೇ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳು ಬೀಜಾಣು ಒಡೆದು ಎದ್ದವು. 2009ರಲ್ಲಿ ಪ್ರಕಟವಾದ ಈ ಕೆಲಸ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ: ಸೂಕ್ಷ್ಮಜೀವಿಗಳು ಎಲ್ಲೆಲ್ಲಿಂದಲೋ ಬಂದು ಬೀಳುತ್ತಲೇ ಇರುತ್ತವೆ, ಬಿದ್ದ ಮಾತ್ರಕ್ಕೆ ಅವು ಅಲ್ಲಿ ಬದುಕುತ್ತಿವೆ ಎಂದಲ್ಲ. ಕೆಸರಿನ ಡಿಎನ್‌ಎ ಓದಿ ಪಟ್ಟಿ ಬರೆಯುವವರು ಎರಡನೆಯದನ್ನು ಮರೆಯಕೂಡದು.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಅಳಿವೆಯ ಕೆಸರಿನಲ್ಲಿ ಕೆಲವೇ ಮಿಲಿಮೀಟರಿನ ಕೆಳಗೆ ಆಮ್ಲಜನಕವಿಲ್ಲ ಎಂದೆವು. ಅದನ್ನು ಇಲ್ಲವಾಗಿಸಿದವರು ಯಾರು? ಮೇಲಿನ ಪದರದ ಜೀವಿಗಳೇ, ಅವುಗಳಲ್ಲೂ ಹೆಚ್ಚಾಗಿ ಬ್ಯಾಕ್ಟೀರಿಯಾಗಳು. ಆ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು, ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳ ಕೆಲಸದ ಫಲ. ನಾವು ‘ಪರಿಸರದ ಅಂಶಗಳು’ ಎಂದು ಕೋಷ್ಟಕದ ಎಡಗಡೆ ಬರೆದುಕೊಳ್ಳುವ ಸಲ್ಫೈಡ್, ಆಮ್ಲೀಯತೆ, ಕರಗಿದ ಕಬ್ಬಿಣ ಇವೆಲ್ಲ ಬಹುಮಟ್ಟಿಗೆ ಬಲಗಡೆಯ ಜೀವಿಗಳಿಂದಲೇ ಹುಟ್ಟಿದವು. ಎಡಗಡೆಯದನ್ನು ಕಾರಣ, ಬಲಗಡೆಯದನ್ನು ಪರಿಣಾಮ ಎಂದು ಲೆಕ್ಕ ಹಾಕುವುದು ಅದಕ್ಕೇ ಅಪಾಯಕಾರಿ. ಡೆನ್ಮಾರ್ಕಿನ ಆರ್ಹುಸ್ ಕೊಲ್ಲಿಯ ಕೆಸರಿನಲ್ಲಿ ಸಿಕ್ಕ ಕೇಬಲ್ ಬ್ಯಾಕ್ಟೀರಿಯಾ ಇದಕ್ಕೆ ನನ್ನ ಮೆಚ್ಚಿನ ನಿದರ್ಶನ. ಸಾವಿರಾರು ಕೋಶಗಳು ಸಾಲಾಗಿ ಸೇರಿ ಸೆಂಟಿಮೀಟರು ಉದ್ದದ ಎಳೆಯಾಗಿ ನಿಲ್ಲುತ್ತವೆ. ಕೆಳತುದಿ ಸಲ್ಫೈಡಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಮೇಲ್ತುದಿ ಅದನ್ನು ಆಮ್ಲಜನಕಕ್ಕೆ ಒಪ್ಪಿಸುತ್ತದೆ, ನಡುವೆ ವಿದ್ಯುತ್ ಹರಿಯುತ್ತದೆ. ಇದರಿಂದ ಕೆಳಪದರ ಹುಳಿಯಾಗಿ ಕಬ್ಬಿಣದ ಸಲ್ಫೈಡ್ ಕರಗುತ್ತದೆ. ಕರಗಿದ ಕಬ್ಬಿಣ ಮೇಲೇರಿ ತುಕ್ಕಿನ ಪದರವಾಗಿ ಕೂರುತ್ತದೆ. ಬೇಸಿಗೆಯಲ್ಲಿ ತಳದ ನೀರು ಆಮ್ಲಜನಕ ಕಳೆದುಕೊಳ್ಳುವ ನೆದರ್ಲೆಂಡ್ಸಿನ ಗ್ರೆವೆಲಿಂಗನ್ ಉಪ್ಪುನೀರ ಸರೋವರದಲ್ಲಿ ಈ ಪದರವೇ ವಿಷಕಾರಿ ಸಲ್ಫೈಡನ್ನು ಕೆಸರಿನಲ್ಲೇ ಹಿಡಿದಿಡುತ್ತದೆ ಎಂದು 2015ರಲ್ಲಿ ತೋರಿಸಲಾಯಿತು. ಕೆಸರಿನೊಳಗಿನ ಒಂದು ಬ್ಯಾಕ್ಟೀರಿಯಾ ಮೇಲಿನ ನೀರಿನ ಹಣೆಬರಹವನ್ನೇ ಬದಲಿಸುತ್ತಿದೆ. ಇಲ್ಲಿ ಪರಿಸರ ಯಾವುದು, ನಿವಾಸಿ ಯಾರು?

ಆಕ್ಷೇಪಗಳಿವೆ. ಕಡಲಿನ ಆಳ, ತಳಕ್ಕೆ ಬೀಳುವ ಆಹಾರದ ಪ್ರಮಾಣ, ತಾಪ ಇವನ್ನು ಕೆಸರಿನ ಬ್ಯಾಕ್ಟೀರಿಯಾಗಳು ನಿರ್ಮಿಸಿಲ್ಲವಲ್ಲ ಎಂದು ಕೇಳಬಹುದು. ನಿಜ, ಒಪ್ಪುತ್ತೇನೆ. ಸಾಗರದಿಂದ ಸಾಗರಕ್ಕೆ ಕಾಣುವ ವ್ಯತ್ಯಾಸಕ್ಕೆ ಅವು ಸಾಕಷ್ಟು ವಿವರಣೆ ಕೊಡುತ್ತವೆ. ಆದರೆ ಬ್ಯಾಕ್ಟೀರಿಯಾ ಬದುಕುವುದು ಮಿಲಿಮೀಟರಿನ ಲೆಕ್ಕದಲ್ಲಿ, ಆ ಅಳತೆಯಲ್ಲಿ ನೆರೆಯ ಜೀವಿಯೇ ಹವಾಮಾನ.

ಹೆಸರು ಬದಲಾದರೂ ಕೆಲಸ ನಡೆಯುತ್ತದೆ, ಹೋದವರ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸಾಮಾನ್ಯ ಕೊಳೆಸುವಿಕೆಯ ಮಟ್ಟಿಗೆ ಇದು ನಿಲ್ಲುತ್ತದೆ. ಆದರೆ ಕೆಸರಿನಿಂದ ಏರುವ ಮೀಥೇನನ್ನು ಆಮ್ಲಜನಕವಿಲ್ಲದೆ ಸುಡುವ ಕೆಲಸ ಕೆಲವೇ ಆರ್ಕಿಯಾಗಳು ಮತ್ತು ಅವುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳದು; ಅವು ಇಮ್ಮಡಿಯಾಗಲು ತಿಂಗಳುಗಳೇ ಬೇಕು. ಪೆರು ದೇಶದಾಚೆಯ ಆಳಸಾಗರದಲ್ಲಿ 1989ರಲ್ಲಿ ಜರ್ಮನ್ ವಿಜ್ಞಾನಿಗಳು ಗಣಿಗಾರಿಕೆಯ ಪರಿಣಾಮ ತಿಳಿಯಲು ತಳವನ್ನು ಉತ್ತು ಬಂದಿದ್ದರು. 26 ವರ್ಷಗಳ ನಂತರ ಅಲ್ಲಿಗೆ ಮರಳಿದಾಗ ಕಲಕಿದ ಜಾಗಗಳಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆ ಕೆಲವೆಡೆ ನಾಲ್ಕನೇ ಒಂದಕ್ಕೆ ಇಳಿದಿತ್ತು. ಪೂರ್ತಿ ಚೇತರಿಕೆಗೆ 50 ವರ್ಷಕ್ಕೂ ಹೆಚ್ಚು ಬೇಕೆಂದು ಅಂದಾಜಾಯಿತು. ಹೊಸ ನಿವಾಸಿಗಳಿಗೆ ಬರಲು ದಾರಿಯೇನೂ ಮುಚ್ಚಿರಲಿಲ್ಲ. ನಿಂತು ಬಾಳಲು ಹಿಂದಿನವರು ಕಟ್ಟಿದ್ದ ಪದರಗಳು ಉಳಿದಿರಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ. ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ತಳದಲ್ಲಿ ಲೋಹದ ಗಡ್ಡೆಗಳ ಅನ್ವೇಷಣೆಗೆ ಹಕ್ಕು ಪಡೆದಿರುವ ದೇಶ ನಮ್ಮದು. ಈ ಫಲಿತಾಂಶವನ್ನು ಪರದೇಶದ ಸುದ್ದಿಯೆಂದು ಪಕ್ಕಕ್ಕಿಡಲು ನಮಗೆ ಸಾಧ್ಯವಿಲ್ಲ.

ನಮ್ಮ ಪಶ್ಚಿಮ ತೀರವಂತೂ ಈ ಪ್ರಶ್ನೆಗೆ ಹೇಳಿ ಮಾಡಿಸಿದ ಜಾಗ. ಮುಂಗಾರಿನಲ್ಲಿ ಆಳದ, ಆಮ್ಲಜನಕ ಕಡಿಮೆಯಿರುವ ನೀರು ತೀರದತ್ತ ಏರಿ ಬರುತ್ತದೆ. ಮಳೆ ಮತ್ತು ನದಿಗಳ ಸಿಹಿನೀರು ಅದರ ಮೇಲೆ ಹರಡಿ ಗಾಳಿಯ ಸಂಪರ್ಕ ತಪ್ಪಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಳ್ಳುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದ ಈ ವಲಯದ ವಿಸ್ತಾರ ಸುಮಾರು 1,80,000 ಚದರ ಕಿಲೋಮೀಟರ್. ಚಳಿಗಾಲಕ್ಕೆ ಆಮ್ಲಜನಕ ಮರಳುತ್ತದೆ. ವರ್ಷವರ್ಷವೂ ಪ್ರಕೃತಿಯೇ ಪ್ರಯೋಗ ನಡೆಸುತ್ತಿದೆ. ನಾವು ಕೊಳವೆ ಹಿಡಿದು ಹೋಗಬೇಕಷ್ಟೆ. ಕಾರವಾರದ ಕಡಲಜೀವಶಾಸ್ತ್ರ ವಿಭಾಗಕ್ಕೂ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೂ ಈ ಸಭೆಯಿಂದ ನನ್ನದೊಂದು ಕೋರಿಕೆ: ಒಂದೇ ತಾಣವನ್ನು ಆರಿಸಿಕೊಳ್ಳಿ. ಮೇ, ಅಕ್ಟೋಬರ್, ಜನವರಿ, ಮೂರು ಸಲವೂ ಅಲ್ಲಿಂದಲೇ ಕೆಸರು ಎತ್ತಿ. ಎತ್ತಿದ ಕೂಡಲೇ, ದೋಣಿಯಲ್ಲೇ, ಆಮ್ಲಜನಕ ಮತ್ತು ಸಲ್ಫೈಡನ್ನು ಸೂಜಿ ಎಲೆಕ್ಟ್ರೋಡಿನಿಂದ ಅಳೆಯಿರಿ. ಆಮೇಲೆ ಅದೇ ಕೊಳವೆಯ ಮೊದಲ ಮೂರು ಸೆಂಟಿಮೀಟರನ್ನು ಮಿಲಿಮೀಟರಿನ ಹೋಳುಗಳಾಗಿ ಕೊಯ್ದು ಡಿಎನ್‌ಎಗೆ ಕಳುಹಿಸಿ. ಹತ್ತು ಸೆಂಟಿಮೀಟರನ್ನು ಕಲಸಿ ಒಂದೇ ಚೀಲಕ್ಕೆ ತುಂಬಬೇಡಿ.