ಕಡಲತೀರ ಕಾಣಲು ಹೊಳೆಯ ದಾರಿ

(ಶಿರಸಿ ಸೀಮೆಯ ವಿದ್ಯಾರ್ಥಿಗಳ ಗೋಕರ್ಣ ಪ್ರವಾಸದ ಮುನ್ನಾದಿನ, ಗ್ರಾಮಸ್ಥರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾಳೆ ನಮ್ಮ ಮಕ್ಕಳು ಗೋಕರ್ಣದ ಕಡಲತೀರಕ್ಕೆ ಹೊರಟಿದ್ದಾರೆ. ಅಲ್ಲಿ ನೋಡತಕ್ಕದ್ದು ಏನೇನಿದೆ ಎಂಬುದನ್ನು ತಿಳಿಸಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡರು. ಮಣ್ಣನ್ನು ಓದಿದವರನ್ನು ಕರೆದು ಕಡಲಿನ ಬಗ್ಗೆ ಮಾತನಾಡಿ ಎಂದರೆ ಕೊನೆಗೆ ಮಣ್ಣಿನ ಮಾತೇ ಬರುತ್ತದೆ. ತಾವು ಸಹಿಸಿಕೊಳ್ಳಬೇಕು.

ಮೊದಲು ತೀರಗಳ ವಿಷಯ. ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ, ಈ ಎರಡು ಹೊಳೆಗಳು ಕಡಲನ್ನು ಸೇರುವ ಸ್ಥಳಗಳ ನಡುವೆ ಗೋಕರ್ಣವಿದೆ. ಊರಿಗೆ ತಾಗಿದ ದೊಡ್ಡ ತೀರವು ಗಂಗಾವಳಿಯ ಕಡೆಗೆ ಉದ್ದಕ್ಕೆ ಚಾಚಿಕೊಂಡಿದೆ. ದಕ್ಷಿಣಕ್ಕೆ ಹೊರಟರೆ ಗುಡ್ಡಗಳು ಕಡಲಿಗೇ ಇಳಿದಿವೆ. ಗುಡ್ಡ ಗುಡ್ಡಗಳ ಸಂದಿನಲ್ಲಿ ಬೊಗಸೆಯಷ್ಟು ಮರಳು ತುಂಬಿದಂತೆ ಒಂದಾದ ಮೇಲೊಂದು ಪುಟ್ಟ ತೀರಗಳು: ಕೂಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಓಂ ತೀರದ ಎರಡು ಬಾಗುಗಳ ನಡುವೆ ಬಂಡೆಯೊಂದು ಕಡಲಿಗೆ ಚಾಚಿಕೊಂಡಿರುವುದರಿಂದ ಮೇಲಿನ ದಾರಿಯಿಂದ ನೋಡಿದರೆ ಆ ಅಕ್ಷರದ ಆಕಾರ ಕಾಣುತ್ತದೆ. ಹಾಫ್ ಮೂನ್, ಪ್ಯಾರಡೈಸ್‌ಗಳಿಗೆ ಕಾಲುದಾರಿಯಲ್ಲಿ ನಡೆದು ಅಥವಾ ದೋಣಿಯಲ್ಲಿ ಹೋಗಬೇಕು. ನಡೆದೇ ಹೋಗಿ. ಬೆಟ್ಟದ ಮಕ್ಕಳಿಗೆ ಅದು ನಡಿಗೆಯೇ ಅಲ್ಲ.

ನೀರಿಗಿಳಿಯುವ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದು ಮಳೆಗಾಲವಲ್ಲ ಎಂಬುದನ್ನು ಗಮನಿಸಿ. ನಮ್ಮ ಮಕ್ಕಳು ಹೊಳೆಯ ಗುಂಡಿಗಳಲ್ಲಿ ಈಜು ಕಲಿತವರು. ಅದೇ ಧೈರ್ಯದಿಂದ ಕಡಲಿಗೂ ಇಳಿಯುತ್ತಾರೆ. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನಲ್ಲಿ ಹಾಗಲ್ಲ. ದಡಕ್ಕೆ ಬಂದ ತೆರೆಗಳ ನೀರು ಅಲ್ಲಲ್ಲಿ ಕಿರಿದಾದ ಓಣಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹೋಗುತ್ತದೆ. ತೆರೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಅನೇಕ ಸಲ ಆ ಸೆಳವಿನ ಜಾಗವಾಗಿರುತ್ತದೆ. ಅದರಲ್ಲಿ ಸಿಕ್ಕವರು ನೇರವಾಗಿ ದಡದತ್ತ ಈಜಲು ಹೋಗಿ ಬಳಲುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬರಬೇಕು. ಇದನ್ನು ತಿಳಿದಿದ್ದರೂ ಮೊಣಕಾಲು ಮುಳುಗುವಷ್ಟು ನೀರನ್ನು ದಾಟಬೇಡಿರಿ. ಜೊತೆಗೆ ಬರುವ ಶಿಕ್ಷಕರಲ್ಲಿ ಒಬ್ಬರು ದಡದಲ್ಲಿಯೇ ನಿಂತು ತಲೆಗಳನ್ನು ಎಣಿಸುತ್ತಿರಬೇಕೆಂದು ನನ್ನ ವಿನಂತಿ.

ಇನ್ನು ಮರಳು. ತೀರದಲ್ಲಿ ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿ. ಚಿಪ್ಪಿನ ಚೂರುಗಳ ನಡುವೆ ಹೊಳೆಯುವ ಬೆಣಚುಕಲ್ಲಿನ ಕಣಗಳಿರುತ್ತವೆ, ಕೆಲವೆಡೆ ಕಪ್ಪು ಕಣಗಳೂ ಇರುತ್ತವೆ. ಇವು ಕಡಲಿನಲ್ಲಿ ಹುಟ್ಟಿದವಲ್ಲ. ಘಟ್ಟದ ಬಂಡೆ ಸಾವಿರಾರು ವರ್ಷ ಮಳೆಗೆ ಸವೆದು, ಹೊಳೆಯಲ್ಲಿ ಉರುಳಿ, ಕಡಲನ್ನು ತಲುಪಿ, ತೆರೆಯ ಹೊಡೆತಕ್ಕೆ ಮತ್ತೆ ದಡಕ್ಕೆ ಬಂದು ನಿಂತದ್ದು. ಮಳೆಗಾಲದ ದೊಡ್ಡ ತೆರೆಗಳು ಈ ಮರಳನ್ನು ಒಳಕ್ಕೆ ಎಳೆದೊಯ್ಯುತ್ತವೆ; ಚಳಿಗಾಲದ ಸಣ್ಣ ತೆರೆಗಳು ಮರಳಿ ತಂದು ಹಾಕುತ್ತವೆ. ಆಷಾಢದಲ್ಲಿ ಸಪೂರವಾಗಿದ್ದ ತೀರ ಮಾಘದಲ್ಲಿ ಅಗಲವಾಗುವುದು ಹೀಗೆ. ಈ ಲೆಕ್ಕದಲ್ಲಿ ಹೋದಷ್ಟು ಬರದಿದ್ದರೆ, ಹೊಳೆಯಿಂದ ಹೊಸ ಮರಳು ಇಳಿಯದಿದ್ದರೆ, ತೀರವು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ.

ಆದ್ದರಿಂದ ಗೋಕರ್ಣಕ್ಕೆ ನೇರ ಹೋಗಬೇಡಿ, ಅಘನಾಶಿನಿಯ ಜೊತೆಯಲ್ಲಿ ಇಳಿಯಿರಿ ಎಂದು ಹೇಳುತ್ತಿದ್ದೇನೆ. ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಯ ಕಡೆಗಳಲ್ಲಿ ಹುಟ್ಟಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಆ ಕಣಿವೆಯ ಕಾಡು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಯಾಣದ ಕಲ್ಲುಗಳನ್ನೂ, ಮಿರ್ಜಾನಿನ ಕೋಟೆಯನ್ನೂ ದಾರಿಯಲ್ಲಿ ನೋಡಬಹುದು. ಮಿರ್ಜಾನು ನಮ್ಮ ಕಾಳುಮೆಣಸು ಹಡಗು ಹತ್ತುತ್ತಿದ್ದ ಬಂದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಏಕೆಂದರೆ ನನಗೆ ಹೇಳಬೇಕಾಗಿರುವುದು ಅಳಿವೆಯ ಬಗ್ಗೆ. ಪ್ರವಾಸಿಗರ ವಾಹನಗಳು ಸಾಣಿಕಟ್ಟೆಯನ್ನು ದಾಟಿ ಓಡುತ್ತವೆ, ಯಾರೂ ನಿಲ್ಲಿಸುವುದಿಲ್ಲ. ನೀವು ನಿಲ್ಲಿಸಿ ಇಳಿಯಿರಿ. ಬೇಸಿಗೆಯಾದರೆ ಅಲ್ಲಿ ಉಪ್ಪಿನ ಆಗರಗಳಲ್ಲಿ ಉಪ್ಪು ಎಳೆಯುವುದನ್ನು ಕಾಣಬಹುದು. ಇಳಿತದ ಹೊತ್ತಿಗೆ ನೂರಾರು ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುತ್ತಾರೆ. ಅದರಲ್ಲಿ ಹೆಂಗಸರೂ ಬಹಳ. ಬಂಡವಾಳವಿಲ್ಲದ ಮನೆಗಳಿಗೆ ಹೊಳೆಯೇ ಹೊಲ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನು ಸಹಿಸುವ ಭತ್ತವನ್ನು ಪ್ರಯೋಗಾಲಯಗಳಲ್ಲಿ ಹುಡುಕುವ ನಮ್ಮಂಥವರಿಗೆ, ಅಲ್ಲಿಯ ರೈತರು ಅದನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದನ್ನು ನೋಡಿದಾಗ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆಗುತ್ತದೆ. ಎತ್ತರದ ಪೈರು, ಕೆಂಪು ಅಕ್ಕಿ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಗೊಬ್ಬರ ಹಾಕುವುದಿಲ್ಲ, ಹೊಳೆ ತಂದ ಮೆಕ್ಕಲೇ ಗೊಬ್ಬರ. ಕೊಯ್ಲಾದ ಮೇಲೆ ಒಡ್ಡಿನ ತೂಬಿನ ಹಲಗೆ ತೆಗೆದರೆ ಉಪ್ಪುನೀರಿನೊಡನೆ ಸಿಗಡಿ, ಮೀನುಗಳು ಗದ್ದೆಗೆ ಬರುತ್ತವೆ. ಒಂದು ವಿಷಯವನ್ನು ಮಾತ್ರ ಮರೆಯಬಾರದು. ಕಗ್ಗ ಉಪ್ಪನ್ನು ಸಹಿಸುತ್ತದೆ ನಿಜ. ಆದರೆ ಮೊಳಕೆಯ ಕಾಲಕ್ಕೆ ಅದಕ್ಕೂ ಸಿಹಿನೀರು ಬೇಕು. ಬೇಸಿಗೆಯ ಉಪ್ಪನ್ನು ತೊಳೆಯಲು ಮಳೆಯ ಜೊತೆಗೆ ಘಟ್ಟದ ಮೇಲಿನ ನೀರು ಸಮಯಕ್ಕೆ ಸರಿಯಾಗಿ ಇಳಿದುಬರಬೇಕು.

'ಹೊಳೆಯ ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದೆ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅಘನಾಶಿನಿಯನ್ನು ವೇದಾವತಿಗೆ, ಬೇಡ್ತಿಯನ್ನು ವರದೆಗೆ ತಿರುಗಿಸುವ ಪ್ರಸ್ತಾಪಗಳ ಹಿಂದೆ ಇರುವುದು ಇದೇ ಮಾತು. ಬೇಡ್ತಿಯೇ ಕೆಳಗೆ ಗಂಗಾವಳಿ ಎಂಬುದು ನಿಮಗೆ ಗೊತ್ತು. ಅಂದರೆ ಗೋಕರ್ಣದ ಎರಡೂ ಪಕ್ಕದ ಹೊಳೆಗಳ ಮೇಲೆ ಕಣ್ಣು ಬಿದ್ದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳೆಂದು ನಾನು ಹೇಳಲಾರೆ. ಅದಕ್ಕೆ ಅಲ್ಲಿಯ ಕೆರೆಗಳಿಂದ ಉತ್ತರ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ.

ಪಕ್ಕದ ಶರಾವತಿಯನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಹೂಳೂ ಮರಳೂ ಮೇಲೆಯೇ ನಿಂತವು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲಿಯೂ ಸಿಹಿನೀರು ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನ ಅಂಶ ತಗ್ಗಿ, ಚಿಪ್ಪಿಕಲ್ಲುಗಳು ಕುಗ್ಗಿದವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಕಾರರು ಬರೆದಿದ್ದಾರೆ. ಕಡಿಮೆ ನೀರು ಬಂದರೆ ಕೇಡು ಎಂಬುದು ನಮಗೆ ಅರ್ಥವಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೀರೂ ಕೇಡೇ. ಅಳಿವೆಯ ಬದುಕು ಮಳೆಗಾಲದ ಸಿಹಿ, ಬೇಸಿಗೆಯ ಉಪ್ಪು ಎರಡನ್ನೂ ಬಲ್ಲದ್ದು.

ಯೋಜನೆಗಳನ್ನು ವಿರೋಧಿಸುವುದು ನಮಗೆ ಅಭ್ಯಾಸವಾಗಿದೆ. 2000ದ ದಶಕದಲ್ಲಿ ತದಡಿಗೆ ಬರಬೇಕಿದ್ದ ಬೃಹತ್ ಉಷ್ಣವಿದ್ಯುತ್ ಸ್ಥಾವರವು ಜನರ ವಿರೋಧದಿಂದ ಕೈಬಿಟ್ಟುಹೋಯಿತು. ಆದರೆ ನಮ್ಮ ತೋಟದಿಂದ ಹೊಳೆಗೆ ಹೋಗುವುದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಎರಡು ಮೂರು ಸಲ ಬೋರ್ಡೋ ಹೊಡೆಯುತ್ತೇವೆ, ನಾನೂ ಹೊಡೆಸುತ್ತೇನೆ. ಅದರ ಮೈಲುತುತ್ತದ ತಾಮ್ರವು ಬಹುಪಾಲು ತೋಟದ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ, ಮಣ್ಣು ಕೊಚ್ಚಿದಾಗ ಅದರೊಡನೆ ಹಳ್ಳಕ್ಕೆ ಇಳಿಯುತ್ತದೆ. ಚಿಪ್ಪಿಕಲ್ಲು ನೀರನ್ನು ಸೋಸಿ ತಿನ್ನುವ ಪ್ರಾಣಿ. ನೀರಿನಲ್ಲಿರುವ ಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವ ಸ್ವಭಾವ ಅದಕ್ಕಿದೆ. ಬೋರ್ಡೋ ಬಿಡಿ ಎಂದು ಹೇಳುತ್ತಿಲ್ಲ, ಬಿಟ್ಟರೆ ಅಡಿಕೆ ಉಳಿಯುವುದಿಲ್ಲ. ಪ್ರಮಾಣ ತಪ್ಪದೆ ಶೇಕಡಾ 1ರ ದ್ರಾವಣ ಮಾಡಿ, ಉಳಿದದ್ದನ್ನು ಕಾಲುವೆಗೆ ಚೆಲ್ಲಬೇಡಿ, ಪೀಪಾಯಿಗಳನ್ನು ಹಳ್ಳದಲ್ಲಿ ತೊಳೆಯಬೇಡಿ. ಸೊಪ್ಪಿನಬೆಟ್ಟದಲ್ಲಿ ಜೆಸಿಬಿ ಇಳಿಸಿ ಗುಡ್ಡ ಕಡಿದರೆ ಆ ಕೆಮ್ಮಣ್ಣು ಮರಳಿನಂತೆ ತೀರ ಕಟ್ಟುವುದಿಲ್ಲ, ಅಳಿವೆಯ ತಳದಲ್ಲಿ ಕೆಸರಾಗಿ ಕುಳಿತು ಚಿಪ್ಪಿಯ ಮೇಲೆ ಮುಚ್ಚುತ್ತದೆ.

ಪ್ರವಾಸದ ಕಡೆಗೆ ಬರೋಣ. ಮಧ್ಯಾಹ್ನದ ಬಿಸಿಲಿನಲ್ಲಿ ಓಂ ತೀರದ ಮರಳು ಕಾಲು ಸುಡುತ್ತದೆ, ಅಲ್ಲಿಗೆ ಸಂಜೆ ಹೋಗಿ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುವುದರಿಂದ, ಸಾಣಿಕಟ್ಟೆಗೆ ಎಷ್ಟು ಹೊತ್ತಿಗೆ ಬರಬೇಕೆಂಬುದನ್ನು ಅಲ್ಲಿಯವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಚಿಪ್ಪಿ ಹೆಕ್ಕುವವರ ಫೋಟೋ ತೆಗೆಯುವ ಮುನ್ನ ಅವರನ್ನು ಮಾತನಾಡಿಸಿ. ಅವರದು ಕೆಲಸ, ನೋಟವಲ್ಲ. ಒಂದು ದಿನ ಹೆಚ್ಚಿದ್ದರೆ ತದಡಿಯಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಎಂಬ ಊರಿಗೆ ದಾಟಿ, ಅಲ್ಲಿಂದ ಕುಮಟೆಯವರೆಗೆ ತೀರದಗುಂಟ ನಡೆಯಬಹುದು. ಊಟದ ಎಲೆ, ಬಾಟಲಿ ಎಲ್ಲವೂ ಬಸ್ಸಿನಲ್ಲಿಯೇ ಮರಳಿ ಬರಲಿ. ಬರುವಾಗ ಸಾಣಿಕಟ್ಟೆಯ ಉಪ್ಪನ್ನು ಒಂದೊಂದು ಸೇರು ತಂದರೆ ಮನೆಯ ಉಪ್ಪಿನಕಾಯಿಗೆ ಆಗುತ್ತದೆ.