ಬೆನ್ನಿಗೊಂದು ಚೀಲ



ನಮ್ಮ ಹಿರಿಯರು ಸಂತೆಗೋ ಜಾತ್ರೆಗೋ ಹೊರಟಾಗ ಹೆಗಲ ಮೇಲೆ ಹಸಿಬೆ ಹಾಕಿಕೊಳ್ಳುತ್ತಿದ್ದರು. ಹಸಿಬೆಗೆ ನಡುವೆ ಬಾಯಿ, ಎರಡು ತುದಿಗಳಲ್ಲಿ ಎರಡು ಹೊಟ್ಟೆ. ಮುಂದಿನದರಲ್ಲಿ ರೊಟ್ಟಿಯ ಬುತ್ತಿಯಾದರೆ ಹಿಂದಿನದರಲ್ಲಿ ಅಷ್ಟೇ ತೂಕದ ಕಾಳು. ಭಾರವು ಸಮನಾಗಿರಬೇಕು, ಕೈ ಬರಿದಾಗಿರಬೇಕು. ಇದೇ ಅದರ ತತ್ತ್ವ. ಇಂದು ಬೆನ್ನುಚೀಲ ಕೊಳ್ಳುವವರಿಗೂ ಇದೇ ತತ್ತ್ವ ಸಲ್ಲುತ್ತದೆ. ನಾನು ಅದನ್ನು ಮರೆತೆ. ಮರೆವಿನ ದಂಡವನ್ನು ತೆತ್ತವನು ನನ್ನ ಶಿಷ್ಯ.

ನೆಲೋಗಿಯಲ್ಲಿ ನನ್ನ ಬಳಿ ಓದಿದ ಹುಡುಗನಿಗೆ ದೆಹಲಿಯಿಂದ ಸಂದರ್ಶನದ ಕರೆ ಬಂತು. ರೈಲಿನಲ್ಲಿ ಹೈದರಾಬಾದು, ಅಲ್ಲಿಂದ ವಿಮಾನ. ನಾನು ಸಂತೋಷದಿಂದ ಕಲಬುರಗಿಯ ಪೇಟೆಗೆ ಹೋಗಿ ಅವನಿಗೊಂದು ಚೀಲ ಕೊಡಿಸಿದೆ. 'ದೊಡ್ಡದಿರಲಿ, ಮುಂದೆಯೂ ಬೇಕಾದೀತು' ಎಂದು 60 ಲೀಟರಿನದನ್ನೇ ಆರಿಸಿದೆ. ರೈಲಿನಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಸ್ಲೀಪರ್ ದರ್ಜೆಯಲ್ಲಿ 40 ಕಿಲೋ ಸಾಮಾನು ಉಚಿತವಷ್ಟೆ. ವಿಮಾನ ನಿಲ್ದಾಣದಲ್ಲಿ ಮಾತ್ರ 'ಇದು ಒಳಗೆ ಹಿಡಿಯುವುದಿಲ್ಲ' ಎಂದು ಚೀಟಿ ಕಟ್ಟಿ ಕೆಳಗಣ ಸಾಮಾನಿನ ಜತೆಗೆ ಕಳುಹಿಸಿದರು. ರಾತ್ರಿ ಹುಡುಗನ ಫೋನು ಬಂತು: "ಸರ, ಚೀಲ ಬಂದಿಲ್ರಿ. ಮಾರ್ಕ್ಸ್ ಕಾರ್ಡೆಲ್ಲಾ ಅದರಾಗೇ ಅವ. ನಾಳೆ ಮುಂಜಾನಿ ಸಂದರ್ಶನ ಅದ."

ಏನು ಹೇಳಲಿ? ಸಂದರ್ಶಕರು ದಾಖಲೆ ತೋರಿಸಲು ಎರಡು ದಿನ ಅವಕಾಶ ಕೊಟ್ಟರು. ಅದು ಅವರ ಔದಾರ್ಯ. ಚೀಲ ಮರುದಿನ ಸಂಜೆ ಬಂತು. ಆ ರಾತ್ರಿ ಅವನಿಗೂ ನಿದ್ದೆಯಿಲ್ಲ, ನನಗೂ ಇಲ್ಲ.

ಆದುದರಿಂದ ನಾನು ತಡವಾಗಿ ಕಲಿತದ್ದನ್ನು ನಿಮಗೆ ಅರಿಕೆ ಮಾಡುತ್ತೇನೆ. 2019ರ ನವೆಂಬರಿನಲ್ಲಿ ಕಲಬುರಗಿಯಲ್ಲಿಯೂ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ವಿಮಾನವೇರುವುದು ಇನ್ನು ನಮ್ಮ ಕಡೆಯ ಮಕ್ಕಳಿಗೆ ದೂರದ ಮಾತಲ್ಲ.

ಮೊದಲನೆಯದು ಅಳತೆ. ನಮ್ಮ ದೇಶದೊಳಗಣ ಪ್ರಯಾಣಕ್ಕೆ ಸಾಮಾನ್ಯವಾಗಿ ಕೈಚೀಲದ ಉದ್ದ, ಅಗಲ, ದಪ್ಪ ಮೂರೂ ಕೂಡಿ 115 ಸೆಂಟಿಮೀಟರು ಮೀರಬಾರದು. 55, 35, 25 ಎಂದಿಟ್ಟುಕೊಳ್ಳಿ. ಗುಣಿಸಿದರೆ ಹೊರಗಣ ಲೆಕ್ಕಕ್ಕೇ ಸುಮಾರು 48 ಲೀಟರು. ಇನ್ನು 60 ಲೀಟರಿನದು ಹಿಡಿಯುವುದೆಂತು? 35ರಿಂದ 40 ಲೀಟರಿನದು ತಕ್ಕುದು. ಬರಿದಾದ ಚೀಲವನ್ನಲ್ಲ, ತುಂಬಿ ಉಬ್ಬಿದ ಚೀಲವನ್ನು ಅಳೆಯಬೇಕು.

ಎರಡನೆಯದು ತೂಕ. ಸಾಮಾನ್ಯ ದರ್ಜೆಗೆ 7 ಕಿಲೋ ಮಿತಿ. ಚೀಲವೇ 2 ಕಿಲೋ ತೂಗಿದರೆ ನಿಮಗೆ ಉಳಿಯುವುದು 5. ಒಂದು ಕಿಲೋದ ಆಸುಪಾಸಿನದನ್ನು ಆರಿಸಿದರೆ ಒಂದು ಜತೆ ಬಟ್ಟೆಗೂ ಶೇಂಗಾ ಹಿಂಡಿಗೂ ಎಡೆಯಾಗುತ್ತದೆ. ಗಾಲಿಯ ಪೆಟ್ಟಿಗೆ ನುಣುಪು ನೆಲಕ್ಕೆ ಸರಿ. ನಮ್ಮ ಮಣ್ಣಿನ ದಾರಿಯಲ್ಲಿ ಅದನ್ನು ಹೊತ್ತೇ ನಡೆಯಬೇಕು, ಗಾಲಿಯ ತೂಕವೂ ನಮ್ಮದೇ.

ಮೂರನೆಯದು ಬಾಯಿ. ಮೇಲುಗಡೆ ಮಾತ್ರ ತೆರೆಯುವ ಚೀಲದಲ್ಲಿ ತಳದ ಅಂಗಿಗಾಗಿ ಎಲ್ಲವನ್ನೂ ಸುರಿಯಬೇಕಾಗುತ್ತದೆ. ಪುಸ್ತಕದಂತೆ ಬಿಚ್ಚಿಕೊಳ್ಳುವುದು ಲೇಸು. ಹೆಗಲಪಟ್ಟಿ ಅಗಲವಾಗಿ ಮೆತ್ತಗಿರಲಿ. ಸೊಂಟಕ್ಕೂ ಪಟ್ಟಿಯಿದ್ದರೆ ಭಾರವು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿಯೇ ನಾಲ್ಕೈದು ಕಿಲೋ ತುಂಬಿ, ಬೆನ್ನಿಗೇರಿಸಿ ನಡೆದು ನೋಡಿ. ಸಂಕೋಚ ಬೇಡ.

ಕಡೆಯದು, ಎಲ್ಲಕ್ಕಿಂತ ಮುಖ್ಯವಾದುದು: ದಾಖಲೆ, ಹಣ, ಔಷಧಗಳಿಗೆ ಬೇರೆಯೇ ಒಂದು ಬಟ್ಟೆಯ ಸಂಚಿಯಿರಲಿ. ದೊಡ್ಡ ಚೀಲವನ್ನು ಕೆಳಗಿಡಲು ಕೇಳಿದರೆ ಸಂಚಿಯನ್ನು ಸೆಳೆದು ಕೈಯಲ್ಲಿ ಹಿಡಿಯಿರಿ. ಫೋನಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕನ್ನೂ ಕೆಳಗೆ ಕಳುಹಿಸುವಂತಿಲ್ಲ. ಅದು ನಿಮ್ಮೊಡನೆಯೇ ಇರಬೇಕು. ಚಾಕು ಮಾತ್ರ ಕೈಚೀಲದಲ್ಲಿ ಬೇಡ.

ಮೊನ್ನೆ ಆ ಹುಡುಗ ರಜೆಗೆ ಬಂದಿದ್ದ. ಬೆನ್ನಿಗೆ ಚಿಕ್ಕ ಚೀಲ, ಕೊರಳಲ್ಲಿ ಅವನ ಅವ್ವ ಹೊಲಿದ ಸಂಚಿ. ಹೊರಡುವ ದಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚೀಲ ತೂಗಿದೆವು, ಆರೂವರೆ ಕಿಲೋ. ಅವ್ವ ಇನ್ನೂ ನಾಲ್ಕು ಕಡಕ್ ರೊಟ್ಟಿ ಇಟ್ಟಳು.