ಕೇಳದೆ ಸಿಗುವ ನೆರವು: ಬಡವರ ಊರಿನ ಸರ್ಕಾರಿ ಪ್ರಾಥಮಿಕ ಶಾಲೆ

2020ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಆ ಒಂದೂವರೆ ವರ್ಷದಲ್ಲಿ ಅನುಕೂಲಸ್ಥರ ಮಕ್ಕಳಿಗೆ ತಪ್ಪಿದ್ದು ಪಾಠ, ಆಟ, ಗೆಳೆಯರ ಸಂಗ. ಕೂಲಿಕಾರರ ಮಕ್ಕಳಿಗೆ ಇವುಗಳ ಜೊತೆಗೆ ಬೆಳಗಿನ ಒಂದು ಲೋಟ ಬಿಸಿ ಹಾಲು ತಪ್ಪಿತು, ಮಧ್ಯಾಹ್ನದ ಅನ್ನ ಸಾಂಬಾರು ತಪ್ಪಿತು, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ತಪ್ಪಿತು. ಅಪ್ಪ ಅಮ್ಮ ಕೆಲಸ ಮುಗಿಸಿ ಬರುವ ತನಕ ಮಗುವಿನ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದ ಶಾಲೆಯ ಹಿರಿಯರ ಆಸರೆಯೂ ತಪ್ಪಿತು. ಬಿಸಿಯೂಟದ ಬದಲು ಅಕ್ಕಿ ಬೇಳೆಯನ್ನು ಹಂಚಲಾಯಿತು, ನಿಜ. ಆದರೆ ಮನೆಗೆ ಬಂದ ಅಕ್ಕಿ ಇಡೀ ಮನೆಯ ಅಕ್ಕಿ. ಶಾಲೆಯ ತಟ್ಟೆಯಲ್ಲಿ ಬೀಳುವ ಅನ್ನ ಮಾತ್ರ ಆ ಮಗುವಿನದೇ.

ಆ ದಿನಗಳಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಕೈಕಟ್ಟಿ ಕೂರಲಿಲ್ಲ. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಅವರು ಮಕ್ಕಳಿದ್ದಲ್ಲಿಗೇ ಹೋದರು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲವೂ ತರಗತಿಯಾದವು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಆ ಎರಡು ತಿಂಗಳು ಎಷ್ಟು ದೊಡ್ಡ ಆಸರೆಯಾಗಿದ್ದವು ಎಂಬುದನ್ನು ನಾಡು ಇನ್ನೂ ಸರಿಯಾಗಿ ನೆನೆದಿಲ್ಲ.

ಸರ್ಕಾರಿ ಶಾಲೆಯ ನೆರವಿಗೆ ಒಂದು ವಿಶೇಷ ಗುಣವಿದೆ. ಅದು ಕೇಳದೆ ಸಿಗುತ್ತದೆ. ಪಡಿತರ ಚೀಟಿಗೆ, ಪಿಂಚಣಿಗೆ, ಆಸ್ಪತ್ರೆಯ ರಿಯಾಯಿತಿಗೆ ಬಡವರು ತಮ್ಮ ಬಡತನವನ್ನು ಕಾಗದದಲ್ಲಿ ತೋರಿಸಬೇಕು, ಸಹಿ ಮಾಡುವವರ ಮುಂದೆ ನಿಲ್ಲಬೇಕು. ಪಠ್ಯಪುಸ್ತಕ, ಸಮವಸ್ತ್ರ, ಹಾಲು, ಊಟಕ್ಕೆ ಮಗು ಯಾರ ಮುಂದೆಯೂ ನಿಲ್ಲಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ತರಗತಿಗೆ ಗೊತ್ತಾಗುವ ಪ್ರಸಂಗವೇ ಬರುವುದಿಲ್ಲ. ಹತ್ತು ವರ್ಷದ ಮಗುವಿನ ಮಾನ ಉಳಿಸುವ ಈ ವ್ಯವಸ್ಥೆ ಅಕ್ಕಿಯಷ್ಟೇ ಮುಖ್ಯ.

ಇದು ತಾನಾಗಿ ಬಂದದ್ದಲ್ಲ. ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿರುವಾಗ ಜನ ಹಸಿದಿರುವುದೇಕೆ ಎಂದು ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು ಎಂದು 2001ರ ನವೆಂಬರ್ 28ರಂದು ಕೋರ್ಟು ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಬಿಸಿಯೂಟ ಯೋಜನೆ 2002ರಲ್ಲಿ ಹಿಂದುಳಿದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟ್ 1ರಿಂದ ‘ಕ್ಷೀರ ಭಾಗ್ಯ’ ಸೇರಿತು: ಮಗುವಿಗೆ 150 ಮಿಲಿಲೀಟರ್ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಊಟಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರನೇ ತರಗತಿಯಿಂದ ಅಳತೆ ಒಂದೂವರೆ ಪಟ್ಟು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆದಿಡಬೇಕು.

ಮೊಟ್ಟೆಯ ಕಥೆ ಇಷ್ಟು ಸಲೀಸಾಗಿ ಸಾಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಅದಕ್ಕೆ ಉತ್ತರ ಬಂದದ್ದು ಕೊಪ್ಪಳ ಜಿಲ್ಲೆಯ ಗಂಗಾವತಿಯ ಶಾಲಾ ಬಾಲಕಿಯರಿಂದ. ಮೊಟ್ಟೆ ತಮಗೆ ಬೇಕು ಎಂದು ಅವರು ಎಲ್ಲರೆದುರು ಖಡಕ್ಕಾಗಿ ಹೇಳಿದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿ ನೋಡಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಮುಂದೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು.

ಒಂದು ಹೊತ್ತಿನ ಊಟದಿಂದ ಏನಾದೀತು ಎನ್ನುವವರಿಗೆ 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ತೋರಿಸಬೇಕು. ಭಾರತದಲ್ಲಿ ಶಾಲೆಯ ಬಿಸಿಯೂಟ ಉಂಡು ಬೆಳೆದ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರ ಹೆಚ್ಚಿತ್ತು ಎಂಬುದು ಅದರ ಫಲಿತಾಂಶ. ತಾಯಿ ಬಾಲ್ಯದಲ್ಲಿ ಉಂಡ ಅನ್ನ ಮಗುವಿನ ಮೈಯಲ್ಲಿ ಕಾಣಿಸಿಕೊಂಡಿತ್ತು.

ಈ ಊಟವನ್ನು ಬೇಯಿಸುವವರು ಯಾರು? ಬಹುಪಾಲು ಅದೇ ಊರಿನ ಬಡ ಹೆಣ್ಣುಮಕ್ಕಳು. ಅಡುಗೆಯವರ ನೇಮಕದಲ್ಲಿ ದಲಿತರು, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಹೇಳಿತು. ದಲಿತ ಮಹಿಳೆ ಬೇಯಿಸಿದಳೆಂದು ಮಕ್ಕಳನ್ನು ಊಟಕ್ಕೆ ಬಿಡದ, ಶಾಲೆಯನ್ನೇ ಬಿಡಿಸಿದ ಪ್ರಸಂಗಗಳು ಈ ನಾಡಿನಲ್ಲೂ ವರದಿಯಾಗಿವೆ. ಅವಮಾನ ನುಂಗಿ ಮರುದಿನ ಮತ್ತೆ ಒಲೆ ಹೊತ್ತಿಸುವ ಈ ತಾಯಂದಿರಿಗೆ ಸಿಗುವುದು ತಿಂಗಳಿಗೆ ಕೆಲವೇ ಸಾವಿರ ರೂಪಾಯಿ ಗೌರವಧನ. ಇಂದಿಗೂ ಅವರನ್ನು ನೌಕರರೆಂದು ಪರಿಗಣಿಸದಿರುವುದು ಅನ್ಯಾಯ.

ಇನ್ನು ಪಾಠದ ಮಾತು. ಬಡವರ ಮಗುವಿನ ಓದಿಗೆ ದೊಡ್ಡ ಅಡ್ಡಿ ದಡ್ಡತನವಲ್ಲ, ಗೈರುಹಾಜರಿ. ಸುಗ್ಗಿ ಬಂದರೆ, ತಮ್ಮನನ್ನು ನೋಡಿಕೊಳ್ಳಬೇಕಾದರೆ, ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ ಮಗು ವಾರಗಟ್ಟಲೆ ಕಾಣೆ. ಬಂದಾಗ ತರಗತಿ ಬಹಳ ಮುಂದೆ ಹೋಗಿರುತ್ತದೆ, ನಾಚಿಕೆಯಿಂದ ಮಗು ಶಾಲೆ ಬಿಡುತ್ತದೆ. ಈ ಗಂಟನ್ನು ಬಿಡಿಸಲು ದಾರಿ ಸಿಕ್ಕಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. 1995ರಲ್ಲಿ ಅಲ್ಲಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಕಾರ್ಡುಗಳ ಕಲಿಕೆಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ‘ನಲಿ ಕಲಿ’ ರೂಪಿಸಿದರು. ಇಲ್ಲಿ ಇಡೀ ತರಗತಿಗೆ ಒಂದೇ ಪಾಠವಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಮಕ್ಕಳು ತಮ್ಮ ಕಾರ್ಡಿನ ಗುರುತು ನೋಡಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಕೆಲವು ತಟ್ಟೆಗಳಲ್ಲಿ ಶಿಕ್ಷಕರ ನೆರವು, ಕೆಲವುಗಳಲ್ಲಿ ಜೊತೆಯ ಮಕ್ಕಳದು, ಒಂದರಲ್ಲಿ ಮಗು ತಾನೇ ಕಲಿಯುತ್ತದೆ. ತಿಂಗಳು ಬಿಟ್ಟು ಬಂದ ಮಗು ತಾನು ನಿಲ್ಲಿಸಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಲ್ಲಿ ಇದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಬಡವರ ಬದುಕಿನ ಲಯವನ್ನು ಅರಿತು ಕಟ್ಟಿದ ಇಂಥ ಪದ್ಧತಿಗೆ ಪ್ರತಿ ತರಗತಿಗೂ ನುರಿತ ಶಿಕ್ಷಕರು ಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಮತದಾರರ ಪಟ್ಟಿಗೋ ಗಣತಿಗೋ ಹೋದರೆ ಏಣಿ ಗೋಡೆಯ ಮೇಲಿನ ಚಿತ್ರವಾಗಿಯೇ ಉಳಿಯುತ್ತದೆ.

ಊರಿನಲ್ಲೇ ಸಿಗುವ ಈ ನೆರವು ಏಳನೇ ತರಗತಿಗೆ ಕಡಿದುಹೋಗುವುದು ಇನ್ನೊಂದು ಕೊರತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಿಕ್ಷಣವನ್ನು ಎಂಟನೇ ತರಗತಿಯವರೆಗೆ ಎಂದಿದ್ದರೂ ಕರ್ನಾಟಕದ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ. ಮುಂದಿನ ಓದಿಗೆ ಪಕ್ಕದೂರಿನ ಪ್ರೌಢಶಾಲೆ. ಬಸ್ಸಿಲ್ಲದ ಊರಿನಲ್ಲಿ ಹುಡುಗಿಯರ ಓದು ನಿಲ್ಲುವುದು ಇಲ್ಲೇ. ಇದಕ್ಕೆಂದೇ 2006-07ರಲ್ಲಿ ಶುರುವಾದ ಎಂಟನೇ ತರಗತಿಯ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು.

ಊರಿನಲ್ಲಿ ಶಾಲೆ ಇಲ್ಲದ ಕೊರತೆ ಏನೆಂದು ಹರೇಕಳ ಹಾಜಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರಿಗೆ ವಿದೇಶಿ ಪ್ರವಾಸಿಯೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗಲಿಲ್ಲ. ಅವರ ಊರು ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಅವರು ಸರ್ಕಾರಿ ಶಾಲೆ ತಂದರು. 2000ದ ಹೊತ್ತಿಗೆ ಮದರಸದಲ್ಲಿ 28 ಮಕ್ಕಳೊಂದಿಗೆ ಅದು ಶುರುವಾಯಿತು. ಹಣ್ಣು ಮಾರಿದ ಉಳಿತಾಯ, ದಾನಿಗಳ ನೆರವು, ಪ್ರಶಸ್ತಿಯ ಮೊತ್ತ ಎಲ್ಲವೂ ಜಾಗ ಮತ್ತು ಕಟ್ಟಡಕ್ಕೆ ಹೋದವು. ಅವರು ಬೇಕೆಂದದ್ದು ಜಿಲ್ಲಾ ಪಂಚಾಯಿತಿಯ ಶಾಲೆಯನ್ನು, ಊರಿನ ಯಾವ ಮಗುವಾದರೂ ಶುಲ್ಕವಿಲ್ಲದೆ ಬಂದು ಕೂರಬಹುದಾದ ಶಾಲೆಯನ್ನು. ಅದು ಪ್ರೌಢಶಾಲೆಯಾಗುವವರೆಗೂ ಅವರು ಬಿಡಲಿಲ್ಲ. 2020ರಲ್ಲಿ ಪದ್ಮಶ್ರೀ ಪ್ರಕಟವಾದ ಮೇಲೆ ಅವರು ಸರ್ಕಾರದ ಮುಂದಿಟ್ಟ ಬೇಡಿಕೆಯೂ ಶಾಲೆಯದೇ: ಊರಿಗೊಂದು ಪದವಿಪೂರ್ವ ಕಾಲೇಜು.